ಬಿತ್ತಿದ, ಬಿತ್ತುವ, ಬಿತ್ತದ: ಒಂದು ಲ್ಯಾಟಿನ್ ವಿಶೇಷಣದ ಕಥೆ

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಮುಗದ ಒಂದು ಸಣ್ಣ ನಿಲ್ದಾಣ. ಪೂರ್ವಕ್ಕೆ ಹತ್ತಿ, ಜೋಳ ಬೆಳೆಯುವ ಎರೆಭೂಮಿ, ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಇವೆರಡರ ನಡುವಿನ ಈ ಪಟ್ಟಿಯಲ್ಲಿ ಭತ್ತ ಹಳೆಯ ಬೆಳೆ. ಆದರೆ ಇಲ್ಲಿ ಭತ್ತ ಬೆಳೆಯುವ ರೀತಿ ಮಂಡ್ಯ, ಗಂಗಾವತಿಗಳಲ್ಲಿ ಕಾಣುವಂಥದ್ದಲ್ಲ. ಅಲ್ಲಿ ಕಾಲುವೆಯ ನೀರು ಬರುತ್ತದೆ, ಸಸಿಮಡಿ ಹಾಕುತ್ತಾರೆ, ಸಸಿ ಕಿತ್ತು ಕೆಸರುಗದ್ದೆಯಲ್ಲಿ ನಾಟಿ ಮಾಡುತ್ತಾರೆ. ಮುಗದದ ಸುತ್ತ ಹಾಗಲ್ಲ. ಮುಂಗಾರಿಗೆ ಮೊದಲಿನ ಮಳೆ ಬಿದ್ದು ನೆಲ ಹದಕ್ಕೆ ಬಂದೊಡನೆ, ಮೇ ಕೊನೆಗೋ ಜೂನ್ ಮೊದಲಿಗೋ, ಒಣಬೀಜವನ್ನೇ ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುತ್ತಾರೆ, ಜೋಳ ಬಿತ್ತಿದ ಹಾಗೆ. ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಾರೆ. ಮಳೆ ಹಿಡಿದ ಮೇಲೆ ಬದುವಿನೊಳಗೆ ನೀರು ನಿಂತಾಗ ಮಾತ್ರ ಹೊಲ ಗದ್ದೆಯಾಗುತ್ತದೆ.

ಈ ಬಿತ್ತುವ ಭತ್ತದ ಸಲುವಾಗಿಯೇ ಮುಗದಕ್ಕೆ ಊರಿನ ಗಾತ್ರವನ್ನು ಮೀರಿದ ಹೆಸರಿದೆ. ಮುಂಬಯಿ ಪ್ರಾಂತದ ಕಾಲದಿಂದಲೂ ಇಲ್ಲಿ ಆಯ್ದ ತಳಿಗಳಿಗೆ ಊರಿನ ಹೆಸರೇ ಅಂಟಿಕೊಂಡು ಬಂದಿದೆ. ಹಳಬರಿಗೆ ‘ಮುಗದ 161’ ಗೊತ್ತು, ಈಚಿನವರಿಗೆ ‘ಮುಗದ ಸುಗಂಧ’ ಗೊತ್ತು. ಭತ್ತದ ಸಂಶೋಧನಾ ಕೇಂದ್ರ ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಅಂಥ ಕೇಂದ್ರದಿಂದ ಹೊರಡುವ ಯಾವ ಲೇಖನವನ್ನು ತೆಗೆದರೂ ಮೊದಲ ಸಾಲಿನಲ್ಲಿ ಎರಡು ಪದಗಳ ಒಂದು ಹೆಸರು ಇದ್ದೇ ಇರುತ್ತದೆ. ನಾವು ಶಾಲೆಯಲ್ಲಿ ‘ಒರೈಜಾ ಸಟೈವಾ’ ಎಂದು ಬಾಯಿಪಾಠ ಮಾಡಿದ ಹೆಸರು ಅದು. ಪರೀಕ್ಷೆಯಲ್ಲಿ ಬರೆದೆವು, ಅಂಕ ಪಡೆದೆವು. ಎರಡನೆಯ ಪದದ ಅರ್ಥ ಏನೆಂದು ಕೇಳಿದವರು ಕಡಿಮೆ, ಹೇಳಿದವರು ಇನ್ನೂ ಕಡಿಮೆ. ಅದು ಒಂದು ಸಾದಾ ಲ್ಯಾಟಿನ್ ವಿಶೇಷಣ. ಬಿತ್ತನೆಗೆ ಸಂಬಂಧಿಸಿದ್ದು. ಮುಗದದ ರೈತ ಪ್ರತಿ ವರ್ಷ ಮಾಡುವ ಕೆಲಸವೇ ಆ ಹೆಸರಿನೊಳಗೆ ಕೂತಿದೆ.

ಹಾಗಾದರೆ ಅದನ್ನು ಕನ್ನಡದಲ್ಲಿ ಏನೆನ್ನಬೇಕು? ‘ಬಿತ್ತಿದ ಭತ್ತ’ ಎಂದೋ, ‘ಬಿತ್ತುವ ಭತ್ತ’ ಎಂದೋ? ಪ್ರಶ್ನೆ ಸಣ್ಣದು. ಉತ್ತರ ಹುಡುಕಲು ಲ್ಯಾಟಿನ್ನಿನ ವ್ಯಾಕರಣವೂ ಬೇಕು, ಕನ್ನಡದ ವ್ಯಾಕರಣವೂ ಬೇಕು.

ಮೊದಲು ಉಚ್ಚಾರ. ‘ಸಟೈವಾ’ ಎಂಬುದು ಇಂಗ್ಲಿಷಿನ ಬಾಯಿಯಿಂದ ನಮಗೆ ಬಂದದ್ದು. ಲ್ಯಾಟಿನ್ನಿನಲ್ಲಿ ಮೊದಲ ಅಕ್ಷರ ಹ್ರಸ್ವ, ನಡುವಿನದು ದೀರ್ಘ, ಒತ್ತು ಬೀಳುವುದೂ ಆ ದೀರ್ಘದ ಮೇಲೆಯೇ. ‘ಸತೀವ’ ಎಂದರೆ ಸಾಕು. ಕನ್ನಡದ ನಾಲಗೆಗೆ ಇದೇ ಸುಲಭ.

ಈ ಪದದ ತಾಯಿ ‘ಸೆರೊ’ ಎಂಬ ಕ್ರಿಯಾಪದ. ‘ಬಿತ್ತುತ್ತೇನೆ’ ಎಂದು ಅರ್ಥ. ಸೆರೊ ಮತ್ತು ಸತೀವ ಒಂದೇ ಮನೆಯವು ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ, ಒಂದರಲ್ಲಿ ರಕಾರ, ಇನ್ನೊಂದರಲ್ಲಿ ತಕಾರ. ಕಾರಣ ಲ್ಯಾಟಿನ್ನಿನ ಹಳೆಯ ಒಂದು ಧ್ವನಿ ಬದಲಾವಣೆ: ಎರಡು ಸ್ವರಗಳ ನಡುವೆ ಸಿಕ್ಕಿದ ಸಕಾರ ರಕಾರವಾಯಿತು. ‘ಸೆರೊ’ ಮೂಲದಲ್ಲಿ ‘ಸಿಸೊ’ ಎಂಬಂಥ ದ್ವಿರುಕ್ತ ರೂಪ. ಸಂಸ್ಕೃತದಲ್ಲಿ ‘ದಾ’ ಧಾತು ‘ದದಾತಿ’ ಆಗುವಂತೆ ಇಲ್ಲಿಯೂ ಧಾತುವಿನ ಮೊದಲಕ್ಷರ ಇಮ್ಮಡಿಸಿದೆ. ಆ ಎರಡನೆಯ ಸಕಾರವೇ ರಕಾರವಾದದ್ದು. ಭೂತಕೃದಂತದಲ್ಲಿ ದ್ವಿರುಕ್ತಿಯಿಲ್ಲ. ಹಾಗಾಗಿ ಅಲ್ಲಿ ಧಾತು ‘ಸ’ ಎಂಬ ಒಂದೇ ಅಕ್ಷರವಾಗಿ ಉಳಿದು, ‘ತ’ ಸೇರಿ, ‘ಸತುಸ್’ ಆಯಿತು. ಅದರ ಅರ್ಥ ‘ಬಿತ್ತಲ್ಪಟ್ಟ’. ಸಂಸ್ಕೃತದ ‘ವಪ್’ ಧಾತುವಿನಿಂದ ‘ಉಪ್ತ’ ಬಂದ ಹಾಗೆ.

ಈ ಧಾತುವಿನ ಸಂತಾನ ದೊಡ್ಡದು. ಬೀಜಕ್ಕೆ ಲ್ಯಾಟಿನ್ನಿನಲ್ಲಿ ‘ಸೇಮೆನ್’. ಇಂಗ್ಲಿಷಿನ ‘ಸೀಡ್’ ಕೂಡ ಇದೇ ಬಳಗದ ದಾಯಾದಿ. ಬಿತ್ತನೆಗೆ ‘ಸತಿಯೊ’ ಎಂಬ ನಾಮಪದವಿತ್ತು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ‘ಸೀಸನ್’ ಆಯಿತು. ಕ್ರಿಕೆಟ್ ಸೀಸನ್, ಮದುವೆ ಸೀಸನ್ ಎನ್ನುವಾಗ ನಾವು ಹೇಳುತ್ತಿರುವುದು ಮೂಲದಲ್ಲಿ ಬಿತ್ತನೆಯ ಹದವನ್ನು. ಇನ್ನೊಂದು ಪದ ‘ಸೇಮಿನಾರಿಯುಮ್’. ರೋಮನ್ ತೋಟಗಾರನಿಗೆ ಅದರ ಅರ್ಥ ಸಸಿಮಡಿ. ಇಂದು ವಿಶ್ವವಿದ್ಯಾಲಯಗಳು ಅದೇ ಪದದಿಂದ ‘ಸೆಮಿನಾರ್’ ನಡೆಸುತ್ತವೆ. ಕನ್ನಡದಲ್ಲಿಯೂ ಬೀಜ ಮತ್ತು ಬಿತ್ತನೆ ಒಂದೇ ಮಾತಿನೊಳಗಿವೆ ಎಂಬುದನ್ನು ನೆನೆಯಬೇಕು. ‘ಬಿತ್ತು’ ಎಂದರೆ ಬೀಜ, ‘ಬಿತ್ತು’ ಎಂದರೆ ಬೀಜ ಹಾಕು. ನಮ್ಮ ನಾಮಪದ, ಕ್ರಿಯಾಪದಗಳ ನಡುವೆ ಒಂದು ಪ್ರತ್ಯಯದ ಗೋಡೆಯೂ ಇಲ್ಲ.

ಈಗ ಮುಖ್ಯ ಸಂಗತಿ. ಭತ್ತದ ಹೆಸರು ‘ಸತ’ ಅಲ್ಲ, ‘ಸತೀವ’. ಭೂತಕೃದಂತದ ಮೇಲೆ ‘ಈವುಸ್’ ಎಂಬ ಇನ್ನೊಂದು ಪ್ರತ್ಯಯ ಕೂತಿದೆ. ಅದು ಏನು ಮಾಡುತ್ತದೆ ಎಂಬುದನ್ನು ಬೇರೆ ಪದಗಳಲ್ಲಿ ನೋಡಬಹುದು. ‘ಕಪ್ತುಸ್’ ಎಂದರೆ ಹಿಡಿಯಲ್ಪಟ್ಟವನು, ‘ಕಪ್ತೀವುಸ್’ ಎಂದರೆ ಸೆರೆಯಾಳು. ಹಿಡಿದದ್ದು ಒಂದು ಗಳಿಗೆಯ ಘಟನೆ, ಸೆರೆಯಾಳಾಗಿರುವುದು ಒಂದು ಸ್ಥಿತಿ. ‘ನಾತುಸ್’ ಹುಟ್ಟಿದವನು, ‘ನಾತೀವುಸ್’ ಹುಟ್ಟಿನಿಂದಲೇ ಬಂದದ್ದು, ಸಹಜವಾದದ್ದು. ‘ಫುಗಿತೀವುಸ್’ ಓಡಿಹೋಗುವ ಸ್ವಭಾವದವನು, ತಲೆತಪ್ಪಿಸಿಕೊಂಡವನು. ವಿಶೇಷಣ ಎಂಬುದಕ್ಕೆ ಲ್ಯಾಟಿನ್ ವೈಯಾಕರಣರು ಬಳಸಿದ ‘ಅದಿಯೆಕ್ತೀವುಮ್’ ಪದವೂ ಇದೇ ಅಚ್ಚಿನದು: ಸೇರಿಸಲ್ಪಟ್ಟದ್ದು ಎಂಬುದರಿಂದ, ಸೇರಿಸಿ ಹೇಳುವ ಬಗೆಯದು. ಒಟ್ಟಿನಲ್ಲಿ ‘ಈವುಸ್’ ಒಂದು ಘಟನೆಯನ್ನು ಜಾತಿಯನ್ನಾಗಿ ಮಾಡುತ್ತದೆ. ಈ ವರ್ಷ ಬಿತ್ತಿದ ಹೊಲದ ಪೈರು ‘ಸತ’. ವರ್ಷ ವರ್ಷವೂ ಬಿತ್ತಿಯೇ ಬೆಳೆಯಬೇಕಾದ ಗಿಡ ‘ಸತೀವ’.

ಈ ಅರ್ಥ ಲಿನೇಯಸ್ ಹುಟ್ಟುಹಾಕಿದ್ದಲ್ಲ. ಕ್ರಿ.ಶ. 79ರಲ್ಲಿ ತೀರಿಕೊಂಡ ಹಿರಿಯ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ ಗಿಡಗಳನ್ನು ವಿವರಿಸುವಾಗ ‘ಸತೀವುಸ್’ ಮತ್ತು ‘ಸಿಲ್ವೆಸ್ತ್ರಿಸ್’ ಎಂದು ಜೋಡಿ ಮಾಡುತ್ತಾನೆ. ಸಿಲ್ವ ಎಂದರೆ ಕಾಡು. ಒಂದು ಹೊಲದ್ದು, ಒಂದು ಕಾಡಿನದು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ‘ಸಸ್ಯ ಪ್ರಭೇದಗಳು’ ಎಂಬರ್ಥದ ತನ್ನ ಗ್ರಂಥವನ್ನು ಪ್ರಕಟಿಸಿದಾಗ ಅವನ ಮುಂದೆ ಈ ಹಳೆಯ ಜೋಡಿ ಸಿದ್ಧವಾಗಿತ್ತು. ಅದುವರೆಗೆ ಗಿಡವೊಂದನ್ನು ಹೆಸರಿಸಲು ಉದ್ದನೆಯ ಲ್ಯಾಟಿನ್ ವರ್ಣನೆ ಬೇಕಿತ್ತು. ಅವನು ಅದನ್ನು ಕುಲಕ್ಕೊಂದು ಪದ, ಪ್ರಭೇದಕ್ಕೊಂದು ಪದ ಎಂದು ಇಳಿಸಿದ. ಮನುಷ್ಯ ಬಿತ್ತುವ ಗಿಡಗಳಿಗೆ ಪದೇ ಪದೇ ಒಂದೇ ವಿಶೇಷಣ ಕೊಟ್ಟ. ಭತ್ತ, ಬಟಾಣಿ, ಬೆಳ್ಳುಳ್ಳಿ, ಕೊತ್ತಂಬರಿ, ಮೂಲಂಗಿ, ಸೌತೆ, ಕೇಸರಿ ಎಲ್ಲವೂ ಬಿತ್ತನೆಯ ಬಳಗವೇ. ಇಂದು ಅಂತರಜಾಲದಲ್ಲಿ ‘ಸಟೈವಾ’ ಎಂದು ಹುಡುಕಿದರೆ ಗಾಂಜಾ ಎದುರಾಗುತ್ತದೆ, ಅದಕ್ಕೇನೋ ಮತ್ತೇರಿಸುವ ಗುಣವಿದೆ ಎಂಬಂತೆ. ಗಾಂಜಾಕ್ಕೂ ಆ ಹೆಸರು ಬಂದದ್ದು ಯುರೋಪಿನ ರೈತರು ನಾರಿಗಾಗಿ ಅದನ್ನು ಬಿತ್ತುತ್ತಿದ್ದರು ಎಂಬುದಕ್ಕೆ. ವಿಶೇಷಣದಲ್ಲಿ ಮತ್ತೇನೂ ಇಲ್ಲ.

ಆದರೆ ಮೇಲಿನ ಪಟ್ಟಿಯನ್ನು ಲ್ಯಾಟಿನ್ನಿನಲ್ಲಿ ಬರೆದರೆ ಒಂದು ತೊಡಕು ಕಾಣುತ್ತದೆ. ಭತ್ತ ‘ಒರೀಜ ಸತೀವ’, ಕೇಸರಿ ‘ಕ್ರೋಕುಸ್ ಸತೀವುಸ್’, ಬಟಾಣಿ ‘ಪೀಸುಮ್ ಸತೀವುಮ್’. ಒಂದೇ ವಿಶೇಷಣಕ್ಕೆ ಮೂರು ಬಾಲ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ. ಉಪ್ತಃ, ಉಪ್ತಾ, ಉಪ್ತಮ್ ಎಂಬಂತೆಯೇ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ವಿಶೇಷಣ ವಿಶೇಷ್ಯದ ಲಿಂಗವನ್ನು ಅನುಸರಿಸಬೇಕು. ಸಸ್ಯಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮವೂ ಇದನ್ನೇ ಹೇಳುತ್ತದೆ. 2012ರ ಜನವರಿಯಿಂದ ಹೊಸ ಗಿಡದ ವರ್ಣನೆಯನ್ನು ಇಂಗ್ಲಿಷಿನಲ್ಲಿಯೂ ಬರೆಯಬಹುದು. ಆದರೆ ಹೆಸರು ಮಾತ್ರ ಲ್ಯಾಟಿನ್ ವ್ಯಾಕರಣದ ಹಿಡಿತದಲ್ಲಿಯೇ ಇದೆ.

ಆ ಹಿಡಿತ ಎಷ್ಟು ಬಿಗಿ ಎಂಬುದನ್ನು ನಮ್ಮ ಕಾಳುಗಳಲ್ಲಿ ನೋಡಬಹುದು. ಹುರುಳಿಯನ್ನು ಹಿಂದೆ ‘ಡಾಲಿಕೋಸ್ ಯುನಿಫ್ಲೋರುಸ್’ ಎನ್ನುತ್ತಿದ್ದರು. ಅದನ್ನು ‘ಮ್ಯಾಕ್ರೊಟೈಲೋಮ’ ಎಂಬ ಕುಲಕ್ಕೆ ಸರಿಸಿದಾಗ ಆ ಪದ ನಪುಂಸಕಲಿಂಗವಾದ್ದರಿಂದ ವಿಶೇಷಣ ‘ಯುನಿಫ್ಲೋರುಮ್’ ಆಯಿತು. ಹೆಸರುಕಾಳು ‘ಫೇಸಿಯೋಲುಸ್ ರೇಡಿಯೇಟುಸ್’ ಆಗಿದ್ದದ್ದು ‘ವಿಗ್ನ’ ಕುಲಕ್ಕೆ ಹೋಗಿ ‘ರೇಡಿಯೇಟ’ ಆಯಿತು. ಉದ್ದು ಕೂಡ ಅದೇ ದಾರಿಯಲ್ಲಿ ಹೋಯಿತು, ಆದರೆ ಅದರ ‘ಮುಂಗೊ’ ಬದಲಾಗಲಿಲ್ಲ. ಯಾಕೆಂದರೆ ಮುಂಗೊ ವಿಶೇಷಣವಲ್ಲ, ನಮ್ಮ ನಾಡಿನ ‘ಮೂಂಗ್’ ಎಂಬ ನಾಮಪದ. ನಾಮಪದ ಪಕ್ಕದವರಿಗಾಗಿ ಬಾಲ ಬದಲಿಸುವುದಿಲ್ಲ. ಮೂಂಗ್ ಎಂಬ ಹೆಸರು ಹೆಸರುಕಾಳಿಗೆ ಸಿಗದೆ ಉದ್ದಿಗೆ ಸಿಕ್ಕಿದ್ದು ಬೇರೆಯದೇ ವಿನೋದ.

ಬಾಲ ನೋಡಿ ಲಿಂಗ ಹೇಳಲು ಹೊರಟರೆ ಮೋಸ ಹೋಗುವ ಜಾಗಗಳೂ ಇವೆ. ಅರಳಿಮರ ‘ಫೀಕುಸ್ ರೆಲಿಗಿಯೋಸ’. ‘ಫೀಕುಸ್’ ಪುಲ್ಲಿಂಗದಂತೆ ಕಾಣುತ್ತದೆ, ವಿಶೇಷಣ ಸ್ತ್ರೀಲಿಂಗದಲ್ಲಿದೆ. ತಪ್ಪಲ್ಲ. ಲ್ಯಾಟಿನ್ನಿನಲ್ಲಿ ಮರಗಳ ಹೆಸರುಗಳು ಸಾಮಾನ್ಯವಾಗಿ ಸ್ತ್ರೀಲಿಂಗ. ಹಿಪ್ಪುನೇರಳೆ ‘ಮೋರುಸ್ ಅಲ್ಬ’ ಆದದ್ದೂ ಹೀಗೆಯೇ. ಶ್ರೀಗಂಧಕ್ಕೆ ಅದೇ ‘ಬಿಳಿ’ ಎಂಬ ವಿಶೇಷಣ ಸೇರಿದಾಗ ‘ಸಾಂತಲುಮ್ ಅಲ್ಬುಮ್’. ಕನ್ನಡದಲ್ಲಿ ಬಿಳಿ ನೇರಳೆಯೂ ಬಿಳಿಯೇ, ಬಿಳಿ ಗಂಧವೂ ಬಿಳಿಯೇ.

ಇಲ್ಲಿ ಕನ್ನಡದ ದಾರಿ ಬೇರೆಯಾಗುತ್ತದೆ. ನಮ್ಮ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ, ಪದದ ಬಾಲವನ್ನಲ್ಲ. ಭತ್ತವೂ ಅರಳಿಮರವೂ ‘ಅದು’. ವಿಶೇಷಣ ನಾಮಪದದ ಮುಂದೆ ನಿಲ್ಲುತ್ತದೆ, ಯಾರ ಮುಂದೆ ನಿಂತರೂ ರೂಪ ಬದಲಿಸುವುದಿಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಬೀಜ. ಸಂಸ್ಕೃತದಿಂದ ಬಂದ ‘ಸುಂದರ’ ಕೂಡ ಇಲ್ಲಿ ನಮ್ಮ ಕಟ್ಟಿಗೆ ಒಗ್ಗಿಕೊಂಡು ‘ಸುಂದರ ಹುಡುಗಿ’ ಎನ್ನಿಸಿಕೊಳ್ಳುತ್ತದೆ. ನಾಮಪದವನ್ನು ಬಿಟ್ಟು ಒಂಟಿಯಾಗಿ ನಿಲ್ಲಬೇಕಾದಾಗ ಮಾತ್ರ ಲಿಂಗ ಹೊರಬರುತ್ತದೆ: ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು. ಕನ್ನಡದ ವಿಶೇಷಣಗಳನ್ನು ಲ್ಯಾಟಿನ್ನಿನ ಅಥವಾ ಸಂಸ್ಕೃತದ ಚೌಕಟ್ಟಿನಲ್ಲಿ ಕೂಡಿಸುವುದು ಯಾಕೆ ಸರಿಹೋಗುವುದಿಲ್ಲ ಎಂಬ ಚರ್ಚೆ ನಮ್ಮಲ್ಲಿ ನಡೆದೇ ಇದೆ. ಡಿ.ಎನ್. ಶಂಕರ ಭಟ್ಟರ ಬರಹಗಳು ಅದರಲ್ಲಿ ಪ್ರಮುಖ.

ಲಿಂಗದಲ್ಲಿ ನಾವು ಉಳಿಸಿದ್ದನ್ನು ಕಾಲದಲ್ಲಿ ಖರ್ಚು ಮಾಡಿದ್ದೇವೆ. ಕ್ರಿಯಾಪದದಿಂದ ವಿಶೇಷಣ ಮಾಡುವಾಗ ಕನ್ನಡ ಕಾಲವನ್ನು ಹೇಳದೆ ಬಿಡುವುದಿಲ್ಲ. ಶಾಲೆಯ ವ್ಯಾಕರಣದಲ್ಲಿ ಕೃತ್ ಪ್ರತ್ಯಯಗಳೆಂದು ಓದಿದ್ದು ನೆನಪಿರಬಹುದು: ಭೂತಕಾಲಕ್ಕೆ ‘ದ’, ವರ್ತಮಾನ ಭವಿಷ್ಯತ್ತುಗಳಿಗೆ ‘ಉವ’, ನಿಷೇಧಕ್ಕೆ ‘ಅದ’. ಬಿತ್ತಿದ, ಬಿತ್ತುವ, ಬಿತ್ತದ. ಈ ಮೂರರಲ್ಲಿ ಒಂದನ್ನು ಆರಿಸಲೇಬೇಕು.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕಿಟೆಲ್ ನಿಘಂಟು ಕನ್ನಡದ ಗಿಡಮರಗಳ ಹೆಸರಿನ ಪಕ್ಕದಲ್ಲಿ ಲ್ಯಾಟಿನ್ ಹೆಸರನ್ನೂ ಕೊಡುತ್ತದೆ. ಧಾರವಾಡದಲ್ಲಿಯೂ ಬಾಳಿದ್ದ ಆ ಜರ್ಮನ್ ಪಾದ್ರಿಗೆ ಎರಡೂ ದಡಗಳು ಗೊತ್ತಿದ್ದವು. ಕನ್ನಡದಿಂದ ಲ್ಯಾಟಿನ್ನಿಗೆ ಸೇತುವೆ ಆಗಲೇ ಬಿದ್ದಿತ್ತು. ಲ್ಯಾಟಿನ್ನಿನಿಂದ ಕನ್ನಡಕ್ಕೆ ಬರುವಾಗ ನಾವು ಅರ್ಥವನ್ನು ಆ ದಡದಲ್ಲಿಯೇ ಬಿಟ್ಟು ಸದ್ದನ್ನಷ್ಟೇ ತಂದೆವು.

ಅರ್ಥವನ್ನು ತರುವುದಾದರೆ ‘ಬಿತ್ತಿದ’ ಸಾಲದು. ಅದು ‘ಸತುಸ್’ಗೆ ಸರಿ. ಕಳೆದ ಜೂನಿನಲ್ಲಿ ಮುಗದದ ಹೊಲಕ್ಕೆ ಬಿದ್ದದ್ದು ಬಿತ್ತಿದ ಭತ್ತ. ಮುಗಿದ ಕೆಲಸ, ಎಣಿಸಬಹುದಾದ ಸೇರು. ‘ಸತೀವ’ಕ್ಕೆ ಹೊಂದುವುದು ‘ಬಿತ್ತುವ’. ಕುಡಿಯುವ ನೀರು, ಉಡುವ ಸೀರೆ, ತಿನ್ನುವ ಎಲೆ ಎನ್ನುವಾಗ ಯಾರೋ ಈಗ ಕುಡಿಯುತ್ತಿದ್ದಾರೆ ಎಂದು ಅರ್ಥವಲ್ಲ. ಅದು ಆ ಬಗೆಯದು, ಅದಕ್ಕಾಗಿ ಇರುವುದು ಎಂದರ್ಥ. ನಮ್ಮ ‘ಉವ’ ಇಲ್ಲಿ ಲ್ಯಾಟಿನ್ನಿನ ‘ಈವುಸ್’ ಮಾಡುವ ಕೆಲಸವನ್ನೇ ಮಾಡುತ್ತದೆ. ಒಂದು ವ್ಯತ್ಯಾಸ ಉಂಟು. ಲ್ಯಾಟಿನ್ ಪದ ಭೂತಕೃದಂತದ ಮೇಲೆ ನಿಂತಿದೆ, ಕನ್ನಡದ್ದು ಮುಂದಿನ ಕಾಲದ ಕಡೆ ಮುಖ ಮಾಡಿದೆ. ‘ಬಿತ್ತುವ ಭತ್ತ’ ಎಂದ ಕೂಡಲೇ ಬರುವ ಮಳೆಗಾಲದ ಲೆಕ್ಕ ಶುರುವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಲಿನೇಯಸ್ ಕೂರಿಗೆಯ ಬಿತ್ತನೆಯನ್ನೂ ನಾಟಿಯನ್ನೂ ಬೇರ್ಪಡಿಸಲು ಈ ಪದ ಬಳಸಲಿಲ್ಲ. ಮಂಡ್ಯದ ನಾಟಿ ಭತ್ತವೂ ಮೊದಲು ಸಸಿಮಡಿಯಲ್ಲಿ ಬಿತ್ತಿದ್ದೇ, ಅದೂ ಸತೀವವೇ. ಮುಗದದಲ್ಲಿ ಆ ಪದ ಕಣ್ಣಿಗೆ ಬಿಚ್ಚಿಟ್ಟಂತೆ ಕಾಣುತ್ತದೆ ಅಷ್ಟೇ. ಪದದ ನಿಜವಾದ ಎದುರಾಳಿ ಕಾಡಿನದು, ಅಂದರೆ ‘ಬಿತ್ತದ’ ಭತ್ತ.

ಆ ಭತ್ತ ಕಲ್ಪನೆಯದಲ್ಲ. ಭಾರತದ ಕೆರೆಯಂಚು, ಜವುಳುಗಳಲ್ಲಿ ತಾನೇ ಬೆಳೆಯುವ ಕಾಡುಭತ್ತಗಳಿವೆ. ಅವುಗಳಲ್ಲಿ ಒಂದಕ್ಕೆ ಶರ್ಮ ಮತ್ತು ಶಾಸ್ತ್ರಿ ಎಂಬ ಭಾರತೀಯ ವಿಜ್ಞಾನಿಗಳು 1965ರಲ್ಲಿ ‘ಒರೀಜ ನಿವಾರ’ ಎಂದು ಹೆಸರಿಟ್ಟರು. ಸಂಸ್ಕೃತದ ‘ನೀವಾರ’ ಲ್ಯಾಟಿನ್ ಹೆಸರಿನೊಳಗೆ ನಾಮಪದವಾಗಿಯೇ ಹೋಗಿ ಕೂತಿತು. ರುದ್ರಾಭಿಷೇಕದಲ್ಲಿ ಚಮಕ ಕೇಳಿದವರ ಕಿವಿಗೆ ಈ ಪದ ಹೊಸದಲ್ಲ. ಧಾನ್ಯಗಳನ್ನು ಎಣಿಸುತ್ತ ಹೋಗುವ ಭಾಗದಲ್ಲಿ ವ್ರೀಹಿಯೂ ಇದೆ, ನೀವಾರವೂ ಇದೆ. ಅದೇ ಚಮಕದಲ್ಲಿ ‘ಕೃಷ್ಟಪಚ್ಯ’, ‘ಅಕೃಷ್ಟಪಚ್ಯ’ ಎಂಬ ಜೋಡಿಯೂ ಬರುತ್ತದೆ: ಉತ್ತ ನೆಲದಲ್ಲಿ ಮಾಗುವುದು, ಉಳದ ನೆಲದಲ್ಲಿ ಮಾಗುವುದು. ಪ್ಲಿನಿಯ ಸತೀವುಸ್, ಸಿಲ್ವೆಸ್ತ್ರಿಸ್ ಜೋಡಿಗೆ ಎಷ್ಟೋ ಮೊದಲೇ ಇಲ್ಲಿ ಅದೇ ವಿಂಗಡಣೆ ಇತ್ತು. ರೋಮನ್ನರು ಬಿತ್ತನೆಯನ್ನು ಹಿಡಿದರು, ನಮ್ಮವರು ಉಳುಮೆಯನ್ನು ಹಿಡಿದರು.

ಬಿತ್ತದ ಭತ್ತಕ್ಕೂ ಬಿತ್ತುವ ಭತ್ತಕ್ಕೂ ಇರುವ ಮುಖ್ಯ ಅಂತರ ಕಾಳು ಹಿಡಿದುಕೊಳ್ಳುವ ರೀತಿಯಲ್ಲಿದೆ. ಕಾಡುಭತ್ತದ ಕಾಳು ಮಾಗುತ್ತಲೇ ತೆನೆಯಿಂದ ಉದುರುತ್ತದೆ. ಅಂದರೆ ಅದು ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ಸಾಕಿದ ಭತ್ತ ಕಾಳನ್ನು ತೆನೆಯಲ್ಲೇ ಹಿಡಿದುಕೊಂಡು ಕುಡುಗೋಲಿಗಾಗಿ ಕಾಯುತ್ತದೆ. ಈ ಬದಲಾವಣೆಗೆ ಕಾರಣವಾದ ವಂಶವಾಹಿಗಳಲ್ಲಿ ಎರಡನ್ನು 2006ರಲ್ಲಿ ಗುರುತಿಸಿದರು. ಎರಡರಲ್ಲಿಯೂ ಆದದ್ದು ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸ. ‘ಬಿತ್ತದ’ ಎಂಬುದು ‘ಬಿತ್ತುವ’ ಆಗಲು ಪ್ರತ್ಯಯ ಬದಲಾದಷ್ಟೇ ಸಣ್ಣದು. ಸಾವಿರಾರು ವರ್ಷಗಳ ಕಾಲ ಉದುರದ ತೆನೆಗಳನ್ನೇ ಕೊಯ್ದು, ಅವುಗಳ ಕಾಳನ್ನೇ ಮತ್ತೆ ಬಿತ್ತಿದ ಕೈಗಳು ಆ ಸಣ್ಣ ವ್ಯತ್ಯಾಸವನ್ನು ಒಂದು ಬೆಳೆಯನ್ನಾಗಿ ಮಾಡಿದವು.

ಹಾಗಾಗಿ ‘ಸತೀವ’ ಗಿಡದ ಬಣ್ಣ, ಎತ್ತರ, ಎಲೆಗಳ ಬಗ್ಗೆ ಏನೂ ಹೇಳುವುದಿಲ್ಲ. ಅರಳಿಯ ವಿಶೇಷಣದಂತೆ ಇದೂ ಗಿಡಕ್ಕೂ ಮನುಷ್ಯನಿಗೂ ಇರುವ ಸಂಬಂಧವನ್ನೇ ಹೇಳುತ್ತದೆ. ಈ ಗಿಡ ತನ್ನನ್ನು ತಾನು ಬಿತ್ತಿಕೊಳ್ಳುವುದನ್ನು ಬಿಟ್ಟಿದೆ, ಆ ಕೆಲಸವನ್ನು ನಮಗೆ ವಹಿಸಿದೆ ಎಂದು ಹೇಳುತ್ತದೆ. ಇದು ಹೊಗಳಿಕೆಯೂ ಅಲ್ಲ, ವರ್ಣನೆಯೂ ಅಲ್ಲ, ಒಂದು ಕರಾರು.

ಕರಾರಿಗೆ ಎರಡು ಕಡೆ. ಸಾಮಾನ್ಯ ಮನೆಯ ಕಣಜದಲ್ಲಿ ಭತ್ತದ ಬೀಜ ಹೆಚ್ಚು ವರ್ಷ ಮೊಳಕೆಯ ಶಕ್ತಿ ಉಳಿಸಿಕೊಳ್ಳುವುದಿಲ್ಲ. ಒಂದು ಊರಿನ ತಳಿಯನ್ನು ಕೆಲವು ವರ್ಷ ಯಾರೂ ಬಿತ್ತದೆ ಬಿಟ್ಟರೆ ಅದು ಕಾಡಿಗೆ ಮರಳುವುದಿಲ್ಲ, ಇಲ್ಲವಾಗುತ್ತದೆ. ಸಂಶೋಧನಾ ಕೇಂದ್ರಗಳ ತಂಪು ಕೋಣೆಗಳು ಕಾಲವನ್ನು ಮುಂದೂಡಬಲ್ಲವು. ಅಲ್ಲಿಯೂ ಬೀಜವನ್ನು ಆಗಾಗ ಹೊರತೆಗೆದು ಬಿತ್ತಿ ಹೊಸದು ಮಾಡಿಕೊಳ್ಳಲೇಬೇಕು.

ಕನ್ನಡದ ‘ಬಿತ್ತದ’ ಎಂಬ ಮಾತಿಗೆ ಎರಡು ಅರ್ಥ ಬರುವುದು ಇಲ್ಲಿ ಗಮನಕ್ಕೆ ಬರುತ್ತದೆ. ಬಿತ್ತುವ ಅಗತ್ಯವಿಲ್ಲದೆ ತಾನೇ ಬೆಳೆಯುವ ಭತ್ತ ಬಿತ್ತದ ಭತ್ತ. ಬಿತ್ತಬೇಕಾಗಿತ್ತು, ಯಾರೂ ಬಿತ್ತಲಿಲ್ಲ ಎಂಬುದೂ ಬಿತ್ತದ ಭತ್ತವೇ. ಮೊದಲನೆಯದು ಕೆರೆಯಂಚಿನಲ್ಲಿ ಮುಂದಿನ ವರ್ಷವೂ ಇರುತ್ತದೆ. ಎರಡನೆಯದರ ಹೆಸರು ಮಾತ್ರ ಹಳಬರ ನೆನಪಿನಲ್ಲಿ ಉಳಿಯುತ್ತದೆ.

ತರಗತಿಯಲ್ಲಿ ಇನ್ನೊಮ್ಮೆ ಆ ಹೆಸರು ಬಂದಾಗ, ಕಲಿಸುವವರು ಒಂದು ನಿಮಿಷ ನಿಂತು ‘ಬಿತ್ತುವ ಭತ್ತ’ ಎಂದರೆ ಸಾಕು. ಮುಗದದ ಕಡೆಯಿಂದ ಬರುವ ಹುಡುಗನಿಗೆ ಅದನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಅವನ ಮನೆಯ ಅಟ್ಟದ ಮೇಲೆ ಕೂರಿಗೆ ಇರುತ್ತದೆ.